ಹುಳಿಯ ಸುಳಿವು: ಇಂಗಾಲದ ಡೈಆಕ್ಸೈಡ್ ಮತ್ತು ಉಸಿರಾಟದ ನಿಯಂತ್ರಣ

ಕೆರೆಯಲ್ಲಿ ಮುಳುಗಿ ಯಾರು ಹೆಚ್ಚು ಹೊತ್ತು ಇರುತ್ತಾರೆಂದು ಪಂಥ ಕಟ್ಟುವ ಹುಡುಗರಿಗೆ ಒಂದು ಉಪಾಯ ಗೊತ್ತಿರುತ್ತದೆ. ಧುಮುಕುವ ಮುನ್ನ ಹತ್ತಿಪ್ಪತ್ತು ಸಲ ಜೋರಾಗಿ ಉಸಿರೆಳೆದು ಬಿಟ್ಟರೆ ನೀರಿನಡಿಯಲ್ಲಿ ಬೇಗ ಉಸಿರು ಕಟ್ಟುವುದಿಲ್ಲ. ಆಮ್ಲಜನಕ ತುಂಬಿಕೊಂಡದ್ದರ ಫಲ ಅದೆಂದು ಅವರ ನಂಬಿಕೆ. ಆದರೆ ಆರೋಗ್ಯವಂತರ ಅಪಧಮನಿಯ ರಕ್ತ ತಾನು ಹೊರಬಲ್ಲ ಆಮ್ಲಜನಕದ ಶೇ. 97ರಷ್ಟನ್ನು ಮೊದಲೇ ಹೊತ್ತಿರುತ್ತದೆ. ಎಷ್ಟು ಉಸಿರೆಳೆದರೂ ಅದಕ್ಕೆ ಸೇರುವುದು ಅತ್ಯಲ್ಪ. ಹಾಗೆ ಉಸಿರಾಡಿದಾಗ ದೇಹದಿಂದ ಖಾಲಿಯಾಗುವುದು ಇಂಗಾಲದ ಡೈಆಕ್ಸೈಡ್. ಅದು ಮತ್ತೆ ಸೇರಿ ‘ಮೇಲೆ ಬಾ’ ಎಂದು ಎಚ್ಚರಿಸುವಷ್ಟರಲ್ಲಿ ಆಮ್ಲಜನಕ ತಳ ಕಂಡು ಪ್ರಜ್ಞೆ ತಪ್ಪಿರಬಹುದು. ಅಮೆರಿಕದ ಆಲ್ಬರ್ಟ್ ಕ್ರೇಗ್ 1961ರಲ್ಲಿ ಇಂಥ ಈಜುಗಾರರ ಪ್ರಕರಣಗಳನ್ನು ಒಟ್ಟುಗೂಡಿಸಿ ಪ್ರಕಟಿಸಿದರು.

ಉಸಿರುಗಟ್ಟುವ ಸಂಕಟವನ್ನು ಆಮ್ಲಜನಕದ ಹಸಿವೆಂದು ತಿಳಿಯುವುದು ರೂಢಿ. ಸಮುದ್ರಮಟ್ಟದಲ್ಲಿ ಬದುಕುವವರ ಮಟ್ಟಿಗೆ ಈ ತಿಳಿವಳಿಕೆ ಬಹುಪಾಲು ತಪ್ಪು. ಅದನ್ನು ಅಳತೆಯ ಮೂಲಕ ತೋರಿಸಿದವರು ಸ್ಕಾಟ್ಲೆಂಡಿನ ಜಾನ್ ಸ್ಕಾಟ್ ಹಾಲ್ಡೇನ್. ಮುಂದೆ ಭಾರತದ ಪೌರತ್ವ ಪಡೆದು ಭುವನೇಶ್ವರದಲ್ಲಿ ತೀರಿಕೊಂಡ ಜೆ.ಬಿ.ಎಸ್. ಹಾಲ್ಡೇನ್ ಇವರ ಮಗ. ಅಪ್ಪನ ಉಪಕರಣ ಬಲು ಸರಳ: ಒಂದು ಉದ್ದನೆಯ ಕೊಳವೆ. ಅದರೊಳಗೆ ಒಮ್ಮೆಲೇ ಜೋರಾಗಿ ಉಸಿರು ಬಿಟ್ಟು, ತುದಿಯನ್ನು ನಾಲಿಗೆಯಿಂದ ಮುಚ್ಚಬೇಕು. ಕೊನೆಗೆ ಬಂದ ಗಾಳಿ ಶ್ವಾಸಕೋಶದ ಆಳದ ಗಾಳಿಗೂಡುಗಳದ್ದು. ಪರೀಕ್ಷೆಗೆ ಬೇಕಾದದ್ದು ಅದೇ.

ಹಾಲ್ಡೇನ್ ಮತ್ತು ಅವರ ಸಹೋದ್ಯೋಗಿ ಪ್ರೀಸ್ಟ್ಲಿ ಈ ಕೊಳವೆಯನ್ನು ಬೆನ್ ನೆವಿಸ್ ಬೆಟ್ಟದ ತುದಿಗೂ ಕಾರ್ನ್‌ವಾಲ್‌ನ ಡಾಲ್ಕೋತ್ ಗಣಿಯ ಆಳಕ್ಕೂ ಒಯ್ದರು. ಗಾಳಿಯ ಒತ್ತಡ ಎರಡು ಕಡೆ ಬೇರೆಬೇರೆ. ಆದರೂ ಗಾಳಿಗೂಡಿನಲ್ಲಿ ಇಂಗಾಲದ ಡೈಆಕ್ಸೈಡ್‌ನ ಆಂಶಿಕ ಒತ್ತಡ ಹೆಚ್ಚುಕಡಿಮೆ ಒಂದೇ, ಪಾದರಸದ ಸುಮಾರು 40 ಮಿ.ಮೀ. ಆ ಗಾಳಿಯಲ್ಲಿ ಅನಿಲದ ಪ್ರಮಾಣ ಬರೀ ಶೇ. 0.2ರಷ್ಟು ಏರಿದರೆ ಸಾಕು, ವಿಶ್ರಾಂತಿಯ ಉಸಿರಾಟ ಇಮ್ಮಡಿಯಾಗುತ್ತದೆ. 1905ರಲ್ಲಿ ಪ್ರಕಟವಾದ ಈ ಲೆಕ್ಕದ ನವಿರು ಇಂದಿಗೂ ಬೆರಗು ಹುಟ್ಟಿಸುತ್ತದೆ.

ಆಮ್ಲಜನಕದ ಕಾವಲು ಇಲ್ಲವೇ ಇಲ್ಲವೆಂದಲ್ಲ. ಕತ್ತಿನ ಇಕ್ಕೆಲದ ಕೆರೋಟಿಡ್ ಕಾಯಗಳು ಆ ಕೆಲಸ ಮಾಡುತ್ತವೆ. ಅವುಗಳ ಪಾತ್ರವನ್ನು ತೋರಿಸಿದ ಕಾರ್ನೆಯ್ ಹೇಮಾನ್ಸ್‌ಗೆ 1938ರ ನೊಬೆಲ್ ಸಂದಿತು. ಆದರೆ ರಕ್ತದ ಆಮ್ಲಜನಕದ ಒತ್ತಡ 60 ಮಿ.ಮೀ. ಆಸುಪಾಸಿಗೆ ಇಳಿಯುವ ತನಕ ಅವು ಜೋರಾಗಿ ದನಿಯೆತ್ತುವುದಿಲ್ಲ. ಕೋವಿಡ್ ದಿನಗಳಲ್ಲಿ ಆಕ್ಸಿಮೀಟರ್ 80 ತೋರಿಸುತ್ತಿದ್ದರೂ ಫೋನಿನಲ್ಲಿ ನಿರಾಳವಾಗಿ ಮಾತಾಡುತ್ತಿದ್ದ ರೋಗಿಗಳ ಒಗಟಿಗೆ ತಜ್ಞರು ಕೊಟ್ಟ ವಿವರಣೆಗಳಲ್ಲಿ ಇದೂ ಒಂದು: ಅವರ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿರಲಿಲ್ಲ.

ಹಾಗಾದರೆ ಮಿದುಳು ಈ ಅನಿಲವನ್ನು ಕಂಡುಹಿಡಿಯುವುದು ಹೇಗೆ? ಬಹುಮಟ್ಟಿಗೆ ಅದರ ಹುಳಿಯಿಂದ. ರಕ್ತದಲ್ಲಿರುವ ಹೈಡ್ರೋಜನ್ ಅಯಾನುಗಳಿಗೆ ರಕ್ತ ಮತ್ತು ಮಿದುಳಿನ ನಡುವಿನ ತಡೆಗೋಡೆ ದಾಟುವುದು ಕಷ್ಟ. ಇಂಗಾಲದ ಡೈಆಕ್ಸೈಡ್ ಸಲೀಸಾಗಿ ಒಳನುಗ್ಗಿ, ನೀರಿನೊಡನೆ ಕೂಡಿ ಕಾರ್ಬಾನಿಕ್ ಆಮ್ಲವಾಗುತ್ತದೆ. ಮಿದುಳನ್ನು ಸುತ್ತುವರಿದ ದ್ರವದಲ್ಲಿ ಪ್ರೋಟೀನ್ ತೀರ ಕಡಿಮೆ, ಹುಳಿಯನ್ನು ಹೀರಿಕೊಳ್ಳುವ ಶಕ್ತಿಯೂ ಕಡಿಮೆ. ಹಾಗಾಗಿ ಚಿಟಿಕೆಯಷ್ಟು ಹುಳಿ ಸೇರಿದರೂ ಅಲ್ಲಿ ಎದ್ದು ಕಾಣುತ್ತದೆ. 1963ರಲ್ಲಿ ಮಿಚೆಲ್, ಲೋಷ್ಕೆ ಮತ್ತು ಸೆವರಿಂಗ್‌ಹಾಸ್ ಮಿದುಳುಕಾಂಡದ ಕೆಳಭಾಗವಾದ ಮೆಡುಲ್ಲಾದ ಮುಂಬದಿಯ ಮೇಲ್ಮೈಯಲ್ಲಿ ಹುಳಿಗೆ ಸ್ಪಂದಿಸುವ ಪಟ್ಟಿಗಳನ್ನು ಗುರುತಿಸಿದರು.

ಅಲ್ಲಿನ ಯಾವ ಕೋಶ ಎಂಬ ಪ್ರಶ್ನೆಗೆ ಉತ್ತರ ತಡವಾಗಿ ಬಂತು, ಜಗಳವನ್ನೂ ತಂದಿತು. 2004ರಲ್ಲಿ ಮಲ್ಕಿ, ಗಿಯನೆ ಮತ್ತು ಸಂಗಡಿಗರು ರೆಟ್ರೊಟ್ರೆಪಿಜಾಯ್ಡ್ ನ್ಯೂಕ್ಲಿಯಸ್ ಎಂಬ ಪುಟ್ಟ ಗುಂಪಿನತ್ತ ಬೆರಳು ತೋರಿದರು. ಇಲಿಯಲ್ಲಿ ಈ ನರಕೋಶಗಳ ಸಂಖ್ಯೆ ಸುಮಾರು 2,000. ಹುಳಿ ಹೆಚ್ಚಿದಂತೆ ಇವು ಚುರುಕಾಗಿ, ಪ್ರೀ-ಬಾಟ್ಸಿಂಗರ್ ಸಂಕೀರ್ಣವೆಂಬ ಲಯದ ಕೇಂದ್ರವೂ ಸೇರಿದಂತೆ ಉಸಿರಾಟದ ಜಾಲವನ್ನು ಚುಚ್ಚಿ ಓಡಿಸುತ್ತವೆ. (ಆ ಕೇಂದ್ರದ ವಿಚಿತ್ರ ಹೆಸರು ಬಂದದ್ದು ಜರ್ಮನಿಯ ವಿಜ್ಞಾನಿಗಳ ಸಭೆಯೊಂದರಲ್ಲಿ ಮೇಜಿನ ಮೇಲಿದ್ದ ವೈನ್ ಬಾಟಲಿಯಿಂದ.) ಇತ್ತ ಗೌರಿನ್ ತಂಡ 2010ರಲ್ಲಿ, ನರಕೋಶಗಳ ಪರಿಚಾರಕರೆಂದಷ್ಟೇ ಎಣಿಸಿದ್ದ ಆಸ್ಟ್ರೋಸೈಟ್‌ಗಳೂ ಹುಳಿ ಗುರುತಿಸಿ ಎಟಿಪಿ ಸ್ರವಿಸುತ್ತವೆಂದು ತೋರಿಸಿತು. ಸಿರೊಟೋನಿನ್ ನರಕೋಶಗಳ ಪರ ವಾದಿಸುವವರೂ ಇದ್ದಾರೆ. ಒಂದೇ ಕೇಂದ್ರವನ್ನು ಹುಡುಕುವ ಹಟವೇ ಈ ವಾದವನ್ನು ಬೆಳೆಸಿತೆಂದು ತೋರುತ್ತದೆ. ಜೀವ ಉಳಿಸುವ ಕಾವಲನ್ನು ದೇಹ ಒಬ್ಬನೇ ಕಾವಲುಗಾರನಿಗೆ ಒಪ್ಪಿಸಿರುವ ಸಾಧ್ಯತೆ ಕಡಿಮೆ.

ಆದರೂ ಮೊದಲ ಗುಂಪಿನ ತೂಕವೇ ಹೆಚ್ಚೆನ್ನಲು ಬಲವಾದ ಸಾಕ್ಷ್ಯ ಅಪರೂಪದ ಕಾಯಿಲೆಯೊಂದರಿಂದ ಬಂದಿದೆ. ಕೆಲವು ಶಿಶುಗಳು ಎಚ್ಚರದಲ್ಲಿ ಹೆಚ್ಚುಕಡಿಮೆ ಸರಿಯಾಗಿಯೇ ಉಸಿರಾಡುತ್ತವೆ. ನಿದ್ದೆ ಹತ್ತಿದರೆ ಉಸಿರು ಕುಂದಿ ನೀಲಿಗಟ್ಟುತ್ತವೆ. ಇದಕ್ಕೆ ಫಾಕ್ಸ್2ಬಿ ಜೀನಿನ ದೋಷ ಕಾರಣವೆಂದು 2003ರಲ್ಲಿ ತಿಳಿಯಿತು. ಅದೇ ದೋಷವನ್ನು ಇಲಿಮರಿಗಳಲ್ಲಿ ಉಂಟುಮಾಡಿದಾಗ ರೆಟ್ರೊಟ್ರೆಪಿಜಾಯ್ಡ್ ಕೋಶಗಳು ಇಲ್ಲವಾದವು. ಮರಿಗಳು ಇಂಗಾಲದ ಡೈಆಕ್ಸೈಡ್‌ಗೆ ಸ್ಪಂದಿಸದೆ ಹುಟ್ಟಿದ ಸ್ವಲ್ಪ ಹೊತ್ತಿನಲ್ಲೇ ಸತ್ತವು. ಈ ಕಾಯಿಲೆಯ ಮಕ್ಕಳಿಗೆ ಉಸಿರು ಬಿಗಿಹಿಡಿದಾಗ ಸಂಕಟವೇ ಆಗುವುದಿಲ್ಲ. ಆದ್ದರಿಂದಲೇ ನೀರಿನಡಿಯ ಪಂಥಗಳಿಂದ ಅವರನ್ನು ದೂರವಿಡುವಂತೆ ವೈದ್ಯರು ಹೆತ್ತವರಿಗೆ ಒತ್ತಿ ಹೇಳುತ್ತಾರೆ.

ಈ ಜ್ಞಾನ ಅತ್ಯಂತ ಕಠೋರವಾಗಿ ಬಳಕೆಯಾಗುವುದು ಐಸಿಯುನಲ್ಲಿ. ಭಾರತದ 1994ರ ಅಂಗಾಂಗ ಕಸಿ ಕಾಯ್ದೆಯಡಿ ಮಿದುಳು ಸಾವನ್ನು ದೃಢಪಡಿಸುವ ವೈದ್ಯರು ಕೊನೆಗೆ ಉಸಿರಾಟದ ಪರೀಕ್ಷೆ ನಡೆಸುತ್ತಾರೆ. ಮೊದಲು ಶುದ್ಧ ಆಮ್ಲಜನಕ ತುಂಬಿ, ಬಳಿಕ ವೆಂಟಿಲೇಟರ್ ಬಿಡಿಸುತ್ತಾರೆ. ಸುಮಾರು 8ರಿಂದ 10 ನಿಮಿಷ ಎಲ್ಲರ ಕಣ್ಣೂ ರೋಗಿಯ ಎದೆ ಹೊಟ್ಟೆಗಳ ಮೇಲೆ. ರಕ್ತದ ಇಂಗಾಲದ ಡೈಆಕ್ಸೈಡ್ 60 ಮಿ.ಮೀ. ದಾಟುತ್ತದೆ; ಮಿದುಳುಕಾಂಡದಲ್ಲಿ ಜೀವವಿದ್ದರೆ ಸುಮ್ಮನಿರಲಾಗದಷ್ಟು ಹುಳಿ ಅದು. ವಪೆ ಅಲುಗದಿದ್ದರೆ ವೆಂಟಿಲೇಟರ್ ಮತ್ತೆ ಜೋಡಿಸಿ, ವೇಳೆ ಬರೆದಿಟ್ಟು, ಕನಿಷ್ಠ 6 ಗಂಟೆ ಬಿಟ್ಟು ಇನ್ನೊಮ್ಮೆ ಅದೇ ಪರೀಕ್ಷೆ ಮಾಡುತ್ತಾರೆ.