ಕೀರ್ತಿಯ ಅಳತೆಗೋಲು

ವಿದ್ವಾಂಸರ ಅಭಿಪ್ರಾಯವನ್ನು ಆಧರಿಸಿ ವಿಶ್ವವಿದ್ಯಾಲಯಗಳ ಶ್ರೇಣಿಯನ್ನು ನಿರ್ಣಯಿಸುವ ಪದ್ಧತಿಗೆ ಸುಮಾರು ನೂರು ವರ್ಷಗಳ ಇತಿಹಾಸವಿದೆ. ಅಮೆರಿಕದ ಓಹಾಯೋ ರಾಜ್ಯದ ಮಯಾಮಿ ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ರೇಮಂಡ್ ಹ್ಯೂಸ್ 1925ರಲ್ಲಿ ಪ್ರಕಟಿಸಿದ ಅಧ್ಯಯನವು ಇದರ ಆರಂಭಿಕ ಮಾದರಿ. ಆಯಾ ವಿಷಯದ ಪರಿಣತರ ಪಟ್ಟಿಯನ್ನು ತಮ್ಮ ಅಧ್ಯಾಪಕರಿಂದ ಮಾಡಿಸಿ, ಆ ಪರಿಣತರಿಂದ ಆಯಾ ವಿಭಾಗಗಳ ಯೋಗ್ಯತೆಯನ್ನು ಅವರು ಕೇಳಿ ತಿಳಿದರು. ಉನ್ನತ ವ್ಯಾಸಂಗಕ್ಕೆ ಎಲ್ಲಿಗೆ ಹೋಗಬೇಕೆಂದು ವಿದ್ಯಾರ್ಥಿಗಳಿಗೆ ಸಲಹೆ ನೀಡಲು ನೆರವಾಗುವುದೇ ಅದರ ಉದ್ದೇಶ.

ಮುಂದೆ ಪ್ರಶ್ನೆಯ ಸ್ವರೂಪವೇ ಬದಲಾಯಿತು. 1983ರಲ್ಲಿ ಅಮೆರಿಕದ ಒಂದು ವಾರಪತ್ರಿಕೆ ಕಾಲೇಜುಗಳ ಅಧ್ಯಕ್ಷರ ಅಭಿಪ್ರಾಯವೊಂದನ್ನೇ ನೆಚ್ಚಿ ಪಟ್ಟಿ ಮಾಡಿತು. 2003ರ ಶಾಂಘೈ ಶ್ರೇಣಿಯು ಅಭಿಪ್ರಾಯವನ್ನು ಕೈಬಿಟ್ಟು ನೊಬೆಲ್ ಪುರಸ್ಕಾರ, ಸಂಶೋಧನ ಲೇಖನಗಳಂತಹವನ್ನು ಎಣಿಸಿತು. 2004ರಲ್ಲಿ ಆರಂಭವಾದ ಕ್ಯೂಎಸ್ ಶ್ರೇಣಿಯು ಅಭಿಪ್ರಾಯಕ್ಕೇ ಮರಳಿತು; ಬಹುಕಾಲ ಒಟ್ಟು ಅಂಕಗಳಲ್ಲಿ ಶೇ. 40ರಷ್ಟು ಅದರದೇ ಆಗಿತ್ತು, ಈಗ ಶೇ. 30.

ಯಾವ ವಿದ್ವಾಂಸನೂ ಕಣ್ಣಾರೆ ಕಂಡು ಬಲ್ಲ ಸಂಸ್ಥೆಗಳು ಕೆಲವೇ. ಉಳಿದವುಗಳ ವಿಷಯದಲ್ಲಿ ಕೇಳಿದ ಹೆಸರೇ ಆಧಾರ. ಹೀಗೆ ಹಳೆಯ ಕೀರ್ತಿಯು ಹೊಸ ಕೀರ್ತಿಯನ್ನು ಹಡೆಯುತ್ತದೆ. ತಾಳೆಯೋಲೆಗಳನ್ನು ಪರಿಶೀಲಿಸಿ ಹಳಗನ್ನಡ ಕೃತಿಯೊಂದನ್ನು ಶುದ್ಧವಾಗಿ ಸಂಪಾದಿಸಿದ ವಿಭಾಗದ ಶ್ರಮವನ್ನು ಆ ಭಾಷೆಯನ್ನೇ ಅರಿಯದವರು ಹೇಗೆ ತೂಗಿಯಾರು? ಅಭಿಪ್ರಾಯ ಕೇಳುವುದು ತಪ್ಪಲ್ಲ, ಬಲ್ಲವರನ್ನು ಕೇಳಬೇಕು. ಸಂಶೋಧನೆಗೆ ಹೊರಟ ವಿದ್ಯಾರ್ಥಿಯು ಪಟ್ಟಿಯ ಸಂಖ್ಯೆಗಿಂತ ಮೊದಲು ಹ್ಯೂಸರ ಮೂಲ ಪ್ರಶ್ನೆಯನ್ನೇ ಕೇಳುವುದು ಲೇಸು: ನನ್ನ ವಿಷಯವನ್ನು ಬಲ್ಲ ಗುರುಗಳು ಎಲ್ಲಿದ್ದಾರೆ?