ಒಂದು "ಅಲ್ಲಿ", ಇಂಗ್ಲಿಷಿನಲ್ಲಿ ಐದು!

ಕಬಿನಿ ಅಣೆಕಟ್ಟು ಇರೋದು ನಮ್ಮ ಎಚ್.ಡಿ.ಕೋಟೆ ತಾಲ್ಲೂಕಿನ ಬೀಚನಹಳ್ಳಿಯಲ್ಲಿ. ಇಂಗ್ಲಿಷಿನಲ್ಲಿ ಹೇಳುವಾಗ ಈ "ಅಲ್ಲಿ"ಗೆ "ಅಟ್" ಹಾಕಬೇಕು. ಜಲಾಶಯದಲ್ಲಿ ನೀರಿದೆ ಅಂದರೆ "ಇನ್". ಫೋನಿನಲ್ಲಿ ಮಾತಾಡಿದೆ ಅಂದರೆ "ಆನ್". ಬಸ್ಸಿನಲ್ಲಿ ಬಂದೆ ಅಂದರೆ "ಬೈ". ಪೆನ್ನಿನಲ್ಲಿ ಬರೆದೆ ಅಂದರೆ "ವಿತ್". ನಮ್ಮ ಒಂದೇ ಸಪ್ತಮಿ ವಿಭಕ್ತಿ ಮಾಡುವ ಕೆಲಸಕ್ಕೆ ಅಲ್ಲಿ ಐದು ಜನ ಆಳುಗಳು!

ಕ್ರಿಯಾಪದದ್ದೂ ಇದೇ ಕಥೆ. "ಅಣೆಕಟ್ಟನ್ನು 1974ರಲ್ಲಿ ಕಟ್ಟಿ ಮುಗಿಸಿದ್ದಾರೆ" ಅನ್ನೋದು ಚೊಕ್ಕ ಕನ್ನಡ. ಅದನ್ನೇ ಇಂಗ್ಲಿಷಿಗೆ ತಂದು "ಹ್ಯಾವ್ ಕಂಪ್ಲೀಟೆಡ್" ಅಂದರೆ ತಪ್ಪು. ಇಸವಿ ಹೇಳಿದ ಮೇಲೆ ಬರೀ "ಕಂಪ್ಲೀಟೆಡ್" ಸಾಕು. ಇಂಥ ವಾಕ್ಯ ಬರೆದ ಹುಡುಗನನ್ನು ನೋಡಿ ಇಂಟರ್‌ವ್ಯೂನಲ್ಲಿ ಮುಸಿಮುಸಿ ನಗ್ತಾರಲ್ಲ, ಅವರಿಗೆ ಒಂದು ವಿಷಯ ಗೊತ್ತಿಲ್ಲ. ಆ ಹುಡುಗ ದಡ್ಡ ಅಲ್ಲ, ಅವನ ಕನ್ನಡ ವ್ಯಾಕರಣ ಗಟ್ಟಿಯಾಗಿದೆ, ಅಷ್ಟೇ :)

ಈ ಒದ್ದಾಟ ಒಂದು ಕಾಲದಲ್ಲಿ ಇಂಗ್ಲಿಷರದ್ದೂ ಆಗಿತ್ತು. ವಿಲಿಯಂ ಕೇರಿ 1817ರಲ್ಲಿ, ಜಾನ್ ಮೆಕೆರೆಲ್ 1820ರಲ್ಲಿ, ಥಾಮಸ್ ಹಾಡ್ಸನ್ 1859ರಲ್ಲಿ ಇಂಗ್ಲಿಷಿನಲ್ಲಿ ಕನ್ನಡ ವ್ಯಾಕರಣ ಬರೆದರು. ಇಲ್ಲಿಗೆ ಬಂದ ಅಧಿಕಾರಿಗಳು, ಪಾದ್ರಿಗಳು ನಮ್ಮ ವಿಭಕ್ತಿ ಕಲಿಯಬೇಕಿತ್ತು. "ಐ ನೋ" ಅನ್ನುವವನಿಗೆ "ನಾನು ಗೊತ್ತು" ಅಲ್ಲ, "ನನಗೆ ಗೊತ್ತು" ಅನ್ನೋದು ಸುಲಭಕ್ಕೆ ಬಾಯಿಗೆ ಬರುತ್ತಾ? ಅವರ ತೊಡಕಿಗೆ ದೊಡ್ಡ ದೊಡ್ಡ ಪುಸ್ತಕಗಳೇ ಬಂದವು. ನಮ್ಮ ತೊಡಕಿಗೆ ಸಿಕ್ಕಿದ್ದು ಕೆಂಪು ಇಂಕು!

ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಇಂಗ್ಲಿಷ್ ಶಾಲೆ ತೆರೆದದ್ದು 1833ರಲ್ಲಿ. ಆಮೇಲೆ 1930ರ ದಶಕದಲ್ಲಿ ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣ ಪುಸ್ತಕ ಬಂತು. ನಿಯಮ ಓದು, ಬಿಟ್ಟ ಸ್ಥಳ ತುಂಬು. ನಮ್ಮಲ್ಲಿ ಎಷ್ಟೋ ಜನ ಪ್ರಿಪೊಸಿಷನ್ ಕಲಿತದ್ದು ಹೀಗೇ.

ಈ ದಾರಿ ಸರಿಯಾ ಅಂತ ಕೇಳಿದ ಒಂದು ಪ್ರಯೋಗ ನಮ್ಮ ಬೆಂಗಳೂರಿನ ಹೆಸರಲ್ಲೇ ಪ್ರಪಂಚಕ್ಕೆಲ್ಲ ಗೊತ್ತಾಗಿದೆ. ಎನ್.ಎಸ್. ಪ್ರಭು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆಸಿದ "ಬೆಂಗಳೂರು ಪ್ರಾಜೆಕ್ಟ್" ಅದು. ಪ್ರಭು ಅವರ ವಾದ ಸರಳ: ಮನಸ್ಸು ಅರ್ಥದ ಮೇಲಿದ್ದಾಗ ವ್ಯಾಕರಣ ತಾನಾಗಿ ಒಳಗಿಳಿಯುತ್ತೆ. ಹಾಗಾಗಿ ತರಗತಿಯಲ್ಲಿ ವ್ಯಾಕರಣದ ಪಾಠವೇ ಇಲ್ಲ. ವೇಳಾಪಟ್ಟಿ, ನಕ್ಷೆ ಇಂಥವನ್ನು ಕೊಟ್ಟು, ಇಂಗ್ಲಿಷಿನಲ್ಲೇ ಲೆಕ್ಕಾಚಾರ ಮಾಡಿ ಉತ್ತರ ಹುಡುಕಿಸೋದು.

ಫಲಿತಾಂಶ ಏನಾಯ್ತು? ಬೆರೆಟ್ಟಾ ಮತ್ತು ಡೇವಿಸ್ ಅನ್ನುವ ಇಬ್ಬರು ಪರೀಕ್ಷೆ ಮಾಡಿ 1985ರಲ್ಲಿ ಪ್ರಕಟಿಸಿದರು. ಬರೀ ವಾಕ್ಯರಚನೆ ಕೇಳಿದಾಗ ಹಳೇ ಪದ್ಧತಿಯ ಮಕ್ಕಳು ಹೆಚ್ಚಾಗಿ ಮುಂದಿದ್ದರು. ಸಂದರ್ಭದೊಳಗೆ ವ್ಯಾಕರಣ ಬಳಸಬೇಕಾದಾಗ ಪ್ರಭು ಅವರ ಪದ್ಧತಿಯವರು ಮುಂದೆ. ಅಂದರೆ ಬಿಟ್ಟ ಸ್ಥಳ ತುಂಬೋದು ಬೇರೆ, ಭಾಷೆ ಬಳಸೋದು ಬೇರೆ. ಪ್ರಭು 1987ರಲ್ಲಿ ಇದನ್ನೆಲ್ಲ ಪುಸ್ತಕವಾಗಿ ಬರೆದರು. ಕೆಲಸದ ಮೂಲಕ ಭಾಷೆ ಕಲಿಸುವ ವಿಧಾನದ ಬಗ್ಗೆ ಯಾರು ಬರೆದರೂ ಇವತ್ತಿಗೂ ಬೆಂಗಳೂರಿನ ಹೆಸರು ಬರುತ್ತೆ.

ನಮ್ಮ ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೇ ತರಗತಿಗೇ ಇಂಗ್ಲಿಷ್ ಬಂದಿದೆ. ಕೋಟೆಯಿಂದ ಮೈಸೂರಿಗೆ ಹೋಗುವ ಬಸ್ಸಿನ ವೇಳಾಪಟ್ಟಿ ಹಿಡಿದು ಪಾಠ ಮಾಡೋಕೆ ಖರ್ಚೇನೂ ಇಲ್ಲ. ಜೊತೆಗೆ ಮೇಷ್ಟ್ರು ಒಂದು ಮಾತು ಸೇರಿಸಿದರೆ ಸಾಕು: "ನೋಡ್ರಪ್ಪ, ನಮ್ಮ ಅಲ್ಲಿಗೆ ಇಂಗ್ಲಿಷಿನಲ್ಲಿ ಒಂದೇ ಪದ ಇಲ್ಲ, ಎಲ್ಲಿ ಯಾವುದು ಅಂತ ಕೇಳಿ ಕೇಳಿ ತಿಳ್ಕೊಳ್ಳಿ." ತಪ್ಪು ಎಲ್ಲಿಂದ ಬರುತ್ತೆ ಅಂತ ಗೊತ್ತಾದ ಮಗು ನಾಚಿಕೆಯಿಂದ ಬಾಯಿ ಮುಚ್ಚಿ ಕೂರೋದಿಲ್ಲ. ಏನಂತೀರಿ?