ಒಲೆಯ ಎರಡು ಕೆಲಸ

ತಾಳವಾಡಿ ಸೀಮೆಯ ತಿಗನಾರೆಯಂತಹ ಊರಿನಲ್ಲಿ ಮಾಗಿಯ ಚಳಿಗೆ ಅಡುಗೆಯ ಒಲೆಯೇ ಅಗ್ಗಿಷ್ಟಿಕೆ. ಆದರೆ ಬಿಸಿಯೊಡನೆ ಬರುವ ಹೊಗೆ ತಾಯಂದಿರ ಕಣ್ಣನ್ನೂ ಶ್ವಾಸಕೋಶವನ್ನೂ ಕೆಡಿಸುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಗ್ರಾಮಗಳ ಅಗತ್ಯಕ್ಕೆಂದೇ 'ಅಸ್ತ್ರ' ಕೇಂದ್ರವು ಸ್ಥಾಪಿತವಾಯಿತು. ಅಲ್ಲಿ ರೂಪುಗೊಂಡ ಮೂರು ಕಣ್ಣಿನ 'ಅಸ್ತ್ರ ಒಲೆ'ಯಲ್ಲಿ ಸೌದೆಯು ಕಬ್ಬಿಣದ ಜಾಲರಿಯ ಮೇಲೆ ಉರಿಯುವುದು; ಕೆಳಗಿನಿಂದ ಗಾಳಿ ಸೇರುವುದು; ಹೊಗೆ ಕೊಳವೆಯಿಂದ ಹೊರಹೋಗುವುದು. ಸೌದೆಯೂ ಉಳಿಯಿತು. ಆದರೆ ಮುಚ್ಚಿದ ಒಲೆಯು ಉರಿಯನ್ನು ಪಾತ್ರೆಗೇ ಕೊಡುವುದರಿಂದ ಚಳಿ ಕಾಯಿಸುವ ಕೆಲಸ ಹಿಂದುಳಿಯಿತು.

ಆದ್ದರಿಂದ ಒಲೆ ಹಾಕಿಸುವವರು ಎರಡನ್ನೂ ಯೋಚಿಸಬೇಕು. ಕಣ್ಣುಗಳು ಪಾತ್ರೆಯ ತಳಕ್ಕೆ ಹೊಂದಲಿ. ಕೊಳವೆಯು ಮಾಡಿಗಿಂತ ಮೇಲೇರಲಿ. ಅದರ ಮಸಿಯನ್ನು ಆಗಾಗ ತೆಗೆಯಲಿ. ಚಳಿಗೆಂದು ಮುಚ್ಚಿದ ಕೋಣೆಯಲ್ಲಿ ಕೆಂಡವಿರಿಸಿ ಮಲಗಿದರೆ ಕಣ್ಣಿಗೆ ಕಾಣದ ವಿಷಾನಿಲವು ಪ್ರಾಣವನ್ನೇ ತೆಗೆದೀತು. ವಿದ್ಯಾರ್ಥಿಗಳು ಈ ಮಾತನ್ನು ಮನೆಗೆ ಮುಟ್ಟಿಸಲಿ.